ಸತ್ತವನ ಬಿಲ್ಲೆ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಕೊಳ್ಳುತ್ತೇನೆ. ಇದು ನನ್ನ ಮನೆಯ ಸಂಗತಿಯಲ್ಲ. ಯುಫೀಮಿಯಾಳ ಕೋಣೆಗೂ ನಮ್ಮ ಕೋಣೆಗೂ ನಡುವೆ ಇದ್ದದ್ದು ಒಂದೇ ಹಲಗೆಯ ಗೋಡೆ. ಆ ಹಲಗೆಯ ಸಂದಿಯಿಂದ ಕಿವಿಗೆ ಬಿದ್ದದ್ದು ಸ್ವಲ್ಪ, ಅಂಗಳದ ನಲ್ಲಿಯ ಹತ್ತಿರ ಬಟ್ಟೆ ಹಿಂಡುತ್ತ ಅವಳೇ ಹೇಳಿದ್ದು ಸ್ವಲ್ಪ. ಎಲ್ಲಾದರೂ ತಪ್ಪಿದ್ದರೆ ಆ ತಪ್ಪು ನನ್ನದು, ಅವಳದಲ್ಲ.

"ಬಾಯಿ ಬಿಟ್ಟು ಹಾಡೇ ಚೊಂಬಾ! ನಿಮ್ಮ ದ್ವೀಪದ ಕುಡುಕರ ಪದ ಅಲ್ಲ ಇದು, ನಮ್ಮ ರಾಷ್ಟ್ರಗೀತೆ. ಮೊದಲಿಂದ ಹಾಡು."

ಅಧಿಕಾರಿ ದೊನ್ ಎವಾರಿಸ್ತೊ ಪೆನ್ಸಿಲಿನಿಂದ ಮೇಜಿನ ಮೇಲೆ ತಾಳ ಹಾಕಿದ. ಚೊಂಬಾ ಎಂದರೆ ದ್ವೀಪದ ಕರಿಯರಿಗೆ ಅಲ್ಲಿಯವರು ಇಟ್ಟ ಬೈಗುಳ. ಯುಫೀಮಿಯಾ ಮೂರನೇ ಸಲ ಮೊದಲಿಂದ ಹಾಡಿದಳು. ಪನಾಮದ ಕೋಲೋನ್ ಪಟ್ಟಣದ ಆ ಕಚೇರಿಯಲ್ಲಿ ಫ್ಯಾನು ಒಂದೇ ಇತ್ತು, ಅದೂ ದೊನ್ ಎವಾರಿಸ್ತೊನ ಕಡೆಗೆ ಮುಖ ಮಾಡಿತ್ತು. ಅವಳ ಹಿಂದೆ ಬಾಗಿಲು ದಾಟಿ, ಮೆಟ್ಟಿಲು ಇಳಿದು, ಬೀದಿಯ ತಿರುವಿನ ತನಕ ಸಾಲು ನಿಂತಿತ್ತು. ಎಲ್ಲರೂ ಅವಳಂಥವರೇ: ಕಾಲುವೆ ತೋಡಲು ದ್ವೀಪಗಳಿಂದ ಬಂದ ಕರಿಯರ ಮಕ್ಕಳು. ಆ ವರ್ಷ ಬಂದ ಹೊಸ ಸಂವಿಧಾನ ಇವರೆಲ್ಲ ಇಲ್ಲಿಯೇ ಹುಟ್ಟಿದ್ದರೂ ಇಲ್ಲಿಯವರಲ್ಲ ಎಂದಿತ್ತು. ಇಲ್ಲಿಯವರು ಅನ್ನಿಸಿಕೊಳ್ಳಬೇಕಾದರೆ ಅರ್ಜಿ ಹಾಕಬೇಕು, ಸ್ಪ್ಯಾನಿಷ್ ಬರುತ್ತದೆಂದು ತೋರಿಸಬೇಕು, ತಂದೆ ಯಾರು, ಎಲ್ಲಿಂದ ಬಂದವನು ಎಂದು ರುಜುವಾತು ಕೊಡಬೇಕು.

ಅವಳು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಉಪ್ಪುಮೀನಿನ ವಡೆ ಕರಿದು ಬಂದಿದ್ದಳು. ಎಣ್ಣೆಯ ವಾಸನೆ ಸೆರಗಿನಂತೆ ಹಿಂದೆ ಹಿಂದೆಯೇ ಬಂದಿತ್ತು. ದೊನ್ ಎವಾರಿಸ್ತೊ ಕರವಸ್ತ್ರವನ್ನು ಮೂಗಿಗೆ ಹಿಡಿದುಕೊಂಡೇ ಕೇಳಿದ.

"ನದಿಗಳ ಹೆಸರು ಹೇಳು."

"ತುಯಿರಾ, ಚುಕುನಾಕೆ, ಬಯಾನೋ, ಚಾಗ್ರೆಸ್..."

ಚಾಗ್ರೆಸ್ಸಿಗೆ ಅಡ್ಡಗಟ್ಟೆ ಹಾಕಿದವರಲ್ಲಿ ನಮ್ಮಪ್ಪನೂ ಒಬ್ಬ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಬೆಳಗಿನಿಂದ ನುಂಗಿದ್ದರ ಜೊತೆಗೆ ಅದೂ ಒಂದು.

"ಸ್ಪ್ಯಾನಿಷ್ ಪರವಾಗಿಲ್ಲ. ಎಲ್ಲಿ ಕಲಿತೆ?"

"ಸಂತೇಲಿ ಸ್ವಾಮಿ. ವಡೆ ಮಾರ್ತಾ ಮಾರ್ತಾ ಬಂತು."

"ಹಾಗಾದ್ರೆ ವಡೆ ಭಾಷೆ." ಪಕ್ಕದ ಗುಮಾಸ್ತ ನಕ್ಕ. ದೊನ್ ಎವಾರಿಸ್ತೊ ನಗಲಿಲ್ಲ. ಅವಳ ಗುರುತಿನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಮೇಜಿನ ಖಾನೆಯೊಳಗೆ ಹಾಕಿಕೊಂಡ. "ನಿಮ್ಮಪ್ಪ ಬದುಕಿದ್ದಾನಾ?"

"ಅವ್ನೆ ಸ್ವಾಮಿ. ಜೋಶುವಾ ಗ್ರಾನಮ್ ಅಂತ. ಬಾರ್ಬೇಡೋಸಿನೋನು."

"ಕಾಲುವೆ ಆಫೀಸಿಂದ ಅವನ ಕೆಲಸದ ಪತ್ರ ತಗೊಂಡ್ ಬಾ. ಅವನನ್ನೂ ಎಳ್ಕೊಂಡ್ ಬಾ. ಗುರುವಾರ. ಅಲ್ಲೀವರೆಗೂ ಚೀಟಿ ಇಲ್ಲೇ ಇರ್ತದೆ."

"ಸ್ವಾಮಿ, ಚೀಟಿ ಇಲ್ದಿದ್ರೆ ಸಂತೆ ಇನ್‌ಸ್ಪೆಟ್ರು ಅಂಗಡಿ ಆಕಕ್ಕೆ ಬುಡಾಕಿಲ್ಲ. ನಮ್ಮ ಜಾಗಕ್ಕೆ ಆಗ್ಲೇ ಸುಣ್ಣದಲ್ಲಿ ಗುರ್ತು ಆಕ್ಬುಟ್ಟವ್ರೆ..."

"ಮುಂದಿನವರು."

ಮುಂದಿನವನು ಮುದುಕ ದರ್ಜಿ ಕಾರ್ನೇಲಿಯಸ್. ಅವಳು ಪಕ್ಕಕ್ಕೆ ಸರಿಯುವಾಗ ಅವನು ಹಲ್ಲಿಲ್ಲದ ಬಾಯಿಯಿಂದ ಪಿಸುಗುಟ್ಟಿದ: "ಎಲ್ಡನೇ ಸಾಲು ಮರ್ತೋಯ್ತು ಕಣವ್ವ. ಕೈ ಮುಗೀತೀನಿ, ಏಳ್ಕೊಟ್ಟು ಓಗು."

ಅವಳು ಹೇಳಿಕೊಟ್ಟು ಹೋದಳು.

ಸಂತೆಯಲ್ಲಿ ಅವಳ ಪಕ್ಕದ ಜಾಗ ದೊರಾತೆಯಾಳದು. ಒಳನಾಡಿನ ವೆರಾಗ್ವಾಸಿನಿಂದ ಬಂದ ಹೆಂಗಸು, ಕಾಫಿ ಮಾರುತ್ತಿದ್ದಳು. ಬಣ್ಣದಲ್ಲಿ ಯುಫೀಮಿಯಾಳಿಗಿಂತ ಒಂದು ಕೈ ಹೆಚ್ಚೇ ಕಪ್ಪು. ಆದರೆ ಅವಳ ಮುತ್ತಜ್ಜಿಯ ಮುತ್ತಜ್ಜಿಯನ್ನು ಸ್ಪೇನಿನವರು ಸರಪಳಿ ಹಾಕಿ ತಂದಿದ್ದರು, ಮನೆಯಲ್ಲಿ ಸ್ಪ್ಯಾನಿಷ್ ಮಾತು, ಹೀಗಾಗಿ ಕಾನೂನು ಅವಳನ್ನು ಮುಟ್ಟಿರಲಿಲ್ಲ.

"ಏನಂದ ಆ ಬೋಳಿಮಗ?" ಎಂದಳು ದೊರಾತೆಯಾ.

"ನಮ್ಮಪ್ಪನ್ನ ಕರ್ಕೊಂಬಾ ಅಂದ."

"ಅವನ ಅಪ್ಪ ಯಾರು ಅಂತ ಅವನಿಗೆ ಗೊತ್ತೈತಂತಾ?"

ಯುಫೀಮಿಯಾ ಬಾಣಲೆ ಇಳಿಸಿದಳು. ಅವಳ ಅಂಗಡಿ ಹಲಗೆಯ ಮೇಲೆ ಇನ್‌ಸ್ಪೆಕ್ಟರು ಸುಣ್ಣದಲ್ಲಿ ಎಳೆದ ಕತ್ತರಿ ಗುರುತಿತ್ತು. ಒದ್ದೆ ಬಟ್ಟೆಯಿಂದ ಒರೆಸಿದಷ್ಟೂ ಬೆಳ್ಳಗಾಗುತ್ತಿತ್ತು. ಹನ್ನೆರಡು ವರ್ಷದಿಂದ ಅದೇ ಹಲಗೆ. ಅವಳ ಅವ್ವ ಸಾಯುವ ತನಕ ಅದರ ಮೇಲೆಯೇ ತೆಂಗಿನ ಹಾಲಿನಲ್ಲಿ ಬೇಯಿಸಿದ ತೊಗರಿಕಾಳಿನ ಅನ್ನ ಬಡಿಸುತ್ತಿದ್ದಳು.

"ನಿನ್ನ ಮೈಯ್ಯೂ ಮಸೀನೇ, ನನ್ನ ಮೈಯ್ಯೂ ಮಸೀನೇ," ಎಂದಳು ದೊರಾತೆಯಾ, ಕಾಫಿ ಸೋಸುತ್ತ. "ನಮ್ಮೋರು ಮುನ್ನೂರು ವರ್ಸ ಮುಂಚೆ ಬಂದ್ರು, ನಿಮ್ಮೋರು ಮೊನ್ನೆ ಬಂದ್ರಿ. ಮುಂಚೆ ಬಂದೋರಿಗೆ ಬೆಂಚು, ಆಮ್ಯಾಕೆ ಬಂದೋರಿಗೆ ನೆಲ. ಅಷ್ಟೇ ಕಣೆ ಕಾನೂನು. ತಗೋ, ಕಾಫಿ ಕುಡಿ. ಸತ್ತೋಳ ತರ ಆಗಿದೀಯ."

ಮಾರನೆಯ ದಿನ ಯುಫೀಮಿಯಾ ರೈಲು ಹಳಿ ದಾಟಿ ಕಾಲುವೆ ಆಫೀಸಿಗೆ ಹೋದಳು. ಹಳಿಯ ಆ ಕಡೆಯ ನೆಲ ಅಮೆರಿಕನ್ನರದು. ಅಲ್ಲಿ ಹುಲ್ಲನ್ನೂ ತಲೆಗೂದಲಿನಂತೆ ಒಂದೇ ಮಟ್ಟಕ್ಕೆ ಕತ್ತರಿಸಿದ್ದರು. ಎರಡು ಬಾಗಿಲು, ಎರಡು ಕಿಟಕಿ, ಎರಡು ಕುಡಿಯುವ ನೀರಿನ ನಲ್ಲಿ. ಬಿಳಿಯರದು 'ಚಿನ್ನ', ಇವರದು 'ಬೆಳ್ಳಿ'. ಹಿಂದೆ ಅವರಿಗೆ ಸಂಬಳವನ್ನು ಚಿನ್ನದ ನಾಣ್ಯದಲ್ಲೂ ಇವರಿಗೆ ಬೆಳ್ಳಿಯಲ್ಲೂ ಕೊಡುತ್ತಿದ್ದ ಕಾಲದ ಬೋರ್ಡುಗಳು. ನಾಣ್ಯ ಹೋಗಿ ಬಹಳ ಕಾಲವಾಗಿತ್ತು. ಬೋರ್ಡಿಗೆ ಮಾತ್ರ ಪ್ರತಿ ವರ್ಷ ಹೊಸ ಬಣ್ಣ ಬೀಳುತ್ತಿತ್ತು.

ಬೆಳ್ಳಿಯ ಕಿಟಕಿಯಲ್ಲಿ ಮೊಡವೆ ಮುಖದ ಬಿಳಿ ಹುಡುಗ ಕೂತಿದ್ದ.

"ನಮ್ಮಪ್ಪನ ಹೆಸ್ರು..." ಎಂದು ಶುರು ಮಾಡಿದಳು.

"ಹೆಸರು ಬೇಡ. ನಂಬರ್."

"ಇಪ್ಪತ್ತೆಂಟು ಸಾವಿರದ ಏಳ್ನೂರ ಹದಿನಾಲ್ಕು."

ಆ ಸಂಖ್ಯೆ ಅವಳಿಗೆ ಪ್ರಾರ್ಥನೆಗಿಂತ ಮೊದಲು ಬಾಯಿಪಾಠವಾಗಿತ್ತು. ಅಪ್ಪನ ಕೊರಳಲ್ಲಿ ದಾರಕ್ಕೆ ಕಟ್ಟಿದ ಹಿತ್ತಾಳೆ ಬಿಲ್ಲೆಯ ಮೇಲೆ ಇದ್ದದ್ದು ಅದೇ. ಕೂಸಾಗಿದ್ದಾಗ ಆ ಬಿಲ್ಲೆಯನ್ನು ಚೀಪಿ ಅವಳಿಗೆ ಹಲ್ಲು ಬಂದಿತ್ತು. ಕಾಲುವೆ ತೋಡುವ ಕಾಲದಲ್ಲಿ ಬಿಲ್ಲೆ ತೋರಿಸಿದರೆ ಕೆಲಸ, ಬಿಲ್ಲೆ ತೋರಿಸಿದರೆ ಊಟ, ಬಿಲ್ಲೆ ತೋರಿಸಿದರೆ ಕೂಲಿ. ಮೇಸ್ತ್ರಿ ಕೂಗುತ್ತಿದ್ದದ್ದೂ ನಂಬರನ್ನೇ.

ಹುಡುಗ ಎರಡು ದಪ್ಪ ಪುಸ್ತಕ ತಂದ. ಒಂದರಲ್ಲಿ ಬೆರಳಿಟ್ಟ, ಇನ್ನೊಂದರಲ್ಲಿ ಬೆರಳಿಟ್ಟ. ಮತ್ತೆ ಮೊದಲನೆಯದನ್ನು ನೋಡಿದ. ಆಮೇಲೆ ಒಳಗಿನ ಯಾರನ್ನೋ ಕರೆದ.

"ಲೇ, ಇಲ್ಲಿ ಬಾರೋ. ಇದನ್ನ ನೋಡು. 28714. ಜೋಶುವಾ ಗ್ರಾನಮ್. ಆಸ್ಪತ್ರೆ ಪುಸ್ತಕದಲ್ಲಿ ಜೂನ್ 1908, ನ್ಯುಮೋನಿಯಾ, ಸತ್ತ. ಕೂಲಿ ಪುಸ್ತಕದಲ್ಲಿ 1911, ಡೈನಮೈಟು, ಎಡಗಾಲು ಹೋಯ್ತು. ಸತ್ತವನಿಗೆ ಮರದ ಕಾಲು ಕೊಟ್ಟಿದ್ದಾರಲ್ಲೋ ನಮ್ಮೋರು!"

"ಆ ಕಾಲಿನಲ್ಲಿ ಸ್ವರ್ಗಕ್ಕೆ ನಡ್ಕೊಂಡು ಹೋಗಿರ್ತಾನೆ," ಎಂದ ಒಳಗಿನವನು.

ಇಬ್ಬರೂ ನಕ್ಕರು. ಯುಫೀಮಿಯಾ ಕಿಟಕಿಯ ಕಂಬಿ ಹಿಡಿದುಕೊಂಡಳು.

"ತಪ್ಪು ಬರ್ದವ್ರೆ ಸ್ವಾಮಿ. ನಮ್ಮಪ್ಪ ಮನೇಲವ್ನೆ. ಬೆಳಿಗ್ಗೆ ಗಂಜಿ ಕೊಟ್ಟು ಬಂದಿವ್ನಿ."

"ಪುಸ್ತಕದಲ್ಲಿ ಇರೋದನ್ನ ಬರ್ಕೊಡ್ತೀನಿ. ಗಂಜಿ ವಿಷಯ ನಮಗೆ ಬೇಡ."

ಬರೆದುಕೊಟ್ಟ. ಎರಡನ್ನೂ ಬರೆದ, ಕೆಳಗೆ ಮೊಹರು ಒತ್ತಿದ. ಅವಳು ಹಳಿಯ ಪಕ್ಕದಲ್ಲಿ ನಿಂತು ಓದಿದಳು. ಅವಳು ಹುಟ್ಟಿದ್ದು 1910ರಲ್ಲಿ. ಅಪ್ಪ ಸತ್ತು ಎರಡು ವರ್ಷಕ್ಕೆ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅಪ್ಪ ಜಗಲಿಯಲ್ಲಿ ಕೂತು ಮರದ ಕಾಲು ಬಿಚ್ಚಿಟ್ಟು, ಮೊಂಡು ತೊಡೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದ. ಅವಳು ಕಾಗದವನ್ನು ಅವನ ಮುಂದೆ ಇಟ್ಟಳು. ಅವನಿಗೆ ಓದು ಬರುತ್ತಿರಲಿಲ್ಲ. ಓದಿ ಹೇಳಿದಳು. ಅವನ ಕೈ ತೊಡೆಯ ಮೇಲೆ ನಿಂತಿತು.

"ಆಸ್ಪತ್ರೇಲಿ ಬರ್ಕೊಂಡಿದ್ರಾ?" ಎಂದ. "ಅವ್ರು ಬರ್ಕೊಂಡಿದ್ರು ಅಂತ ನಂಗೊತ್ತಿರ್ನಿಲ್ಲ."

"ಅಪ್ಪಾ, ಏನಿದು?"

"ನಿಜ ಕಣ್ ಮಗಾ. ಜೋಶುವಾ ಗ್ರಾನಮ್ ಸತ್ತೋಗವ್ನೆ."

ಅವಳು ಬಾಗಿಲಿಗೆ ಒರಗಿ ಕೂತಳು. ಕೋಪ ಬರಬೇಕಾಗಿತ್ತು. ಬರಲಿಲ್ಲ.

ಅವನು ಎಣ್ಣೆಯ ಬಟ್ಟಲಿಗೆ ಮುಚ್ಚಳ ಹಾಕಿ ಹೇಳಿದ. ಅವನು ಬಂದದ್ದು ಕರಾರಿನ ಹಡಗಿನಲ್ಲಲ್ಲ. ಒಂದು ಸಣ್ಣ ದ್ವೀಪದಿಂದ, ಬಾಳೆಗೊನೆಯ ದೋಣಿಯಲ್ಲಿ ಅವಿತುಕೊಂಡು. ಬಿಲ್ಲೆ ಇಲ್ಲ, ಆದ್ದರಿಂದ ಕೆಲಸವೂ ಇಲ್ಲ, ಊಟವೂ ಇಲ್ಲ. ಕೂಲಿಗಳ ಬ್ಯಾರಕ್ಕಿನ ಕೆಳಗೆ ನಾಯಿಯ ಹಾಗೆ ಮಲಗುತ್ತಿದ್ದವನಿಗೆ ಜೋಶುವಾ ಗ್ರಾನಮ್ ತನ್ನ ತಟ್ಟೆಯಲ್ಲಿ ಅರ್ಧ ತಂದುಕೊಡುತ್ತಿದ್ದ. ಬಾರ್ಬೇಡೋಸಿನವನು, ಎತ್ತರದ ಆಳು, ಹಾಡುಗಾರ. ಮಳೆಯಲ್ಲಿ ನೆನೆದು ನೆನೆದು ಅವನ ಎದೆ ಕಟ್ಟಿತು. ಮೂರು ದಿನ ಕೆಲಸಕ್ಕೆ ಬರದವನ ಬಿಲ್ಲೆಯನ್ನು ಮೇಸ್ತ್ರಿ ಕಿತ್ತುಕೊಳ್ಳುತ್ತಿದ್ದ. ಅದಕ್ಕೇ ಬ್ಯಾರಕ್ಕಿನಲ್ಲಿ ಒಂದು ರೂಢಿ ಇತ್ತು. ಜ್ವರ ಬಂದವನ ಬಿಲ್ಲೆಯನ್ನು ಬಿಲ್ಲೆ ಇಲ್ಲದವನು ಹಾಕಿಕೊಂಡು ಹೋಗಿ, ಅವನ ಜಾಗ ಕಾಯುವುದು.

"ಆಸ್ಪತ್ರೆ ರೈಲು ಅತ್ತುವಾಗ ಕೊಳ್ಳಿಂದ ಬಿಚ್ಚಿ ನನ್ನ ಕೊಳ್ಗೆ ಆಕ್ದ. ಮೂರು ದಿನ ನೋಡ್ಕೊಳ್ಳೋ ತಮ್ಮಾ, ಬತ್ತೀನಿ ಅಂದ. ಬೆಳಿಗ್ಗೆ ಮೇಸ್ತ್ರಿ 28714 ಅಂದ. ಇವ್ನಿ ಸ್ವಾಮಿ ಅಂದೆ. ಮಖ ಎತ್ತಿ ನೋಡ್ನಿಲ್ಲ ಅವ್ನು. ಅವ್ನಿಗೆ ನಾವೆಲ್ಲ ಒಂದೇ ಗಡಿಗೆ ಮಸಿ." ಅವನು ಬಿಲ್ಲೆಯನ್ನು ಹೆಬ್ಬೆರಳಿನಿಂದ ತಿಕ್ಕಿದ. "ಮೂರು ದಿನಕ್ಕೆ ಅಂತ ಆಕ್ಕೊಂಡೋನು ಮೂವತ್ಮೂರು ವರ್ಸ ಆಕ್ಕೊಂಡಿವ್ನಿ."

"ಅವ್ವಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಂಗ್ಯಾಕೆ ಏಳ್ನಿಲ್ಲ?"

"ನೀನು ಕೇಳ್ನಿಲ್ವಲ್ಲ ತಾಯಿ."

ಅವಳು ಕೇಳಿರಲಿಲ್ಲ, ನಿಜ. ಬಾರ್ಬೇಡೋಸಿನವರ ಮಾತಿನ ರಾಗ ಅಪ್ಪನಿಗೆ ಯಾಕಿಲ್ಲ ಎಂದು ಕೇಳಿರಲಿಲ್ಲ. ನಿದ್ದೆಯಲ್ಲಿ ಅವನು ಕನವರಿಸುತ್ತಿದ್ದದ್ದು ಯಾವ ಭಾಷೆ ಎಂದೂ ಕೇಳಿರಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಏಳುವವಳಿಗೆ ಅದನ್ನೆಲ್ಲ ಕೇಳಲು ಹೊತ್ತೆಲ್ಲಿತ್ತು?

"ಆಯ್ತು. ನಿನ್ನ ನಿಜವಾದ ಯೆಸ್ರೇನು? ಗುರುವಾರ ಅದನ್ನೇ ಏಳಾನ."

ಅವನು ಮರದ ಕಾಲನ್ನು ಹತ್ತಿರ ಎಳೆದುಕೊಂಡ. ಕೆಳಗೆ ಅಂಗಳದ ನಲ್ಲಿಗೆ ಕೊಡ ತಾಗಿಸಿ ಯಾರೋ ಜಗಳವಾಡುತ್ತಿದ್ದರು.

"ಅದು ಇಲ್ಲ ಕಣ್ ಮಗಾ," ಎಂದ. "ಅದನ್ನ ಕಳ್ಸಿಬುಟ್ವಿ."

ಆಸ್ಪತ್ರೆಗೆ ಹೋದ ಜೋಶುವಾ ಹಿಂದಿರುಗಿ ಬರಲಿಲ್ಲ. ಅವನು ಹೋದ ಸುದ್ದಿ ಬಂತು. ಸತ್ತವನಿಗೆ ಒಂಬತ್ತು ರಾತ್ರಿ ಹಾಡು ಹೇಳಿ, ಒಂಬತ್ತನೆಯ ರಾತ್ರಿ ಅವನ ಹಾಸಿಗೆ ಮಗುಚಿ, ಹೆಸರು ಹಿಡಿದು ಕರೆದು, ಹೋಗಿ ಬಾ ಎಂದು ಕಳಿಸಿಕೊಡುವುದು ದ್ವೀಪದವರ ಪದ್ಧತಿ. ಕಳಿಸಿದ ಮೇಲೆ ಆ ಹೆಸರನ್ನು ಯಾರೂ ಮತ್ತೆ ಕೂಗಬಾರದು. ಕೂಗಿದರೆ ಹೋದವನು ದಾರಿಯಿಂದ ಹಿಂದಿರುಗುತ್ತಾನೆ. ಆದರೆ ಜೋಶುವಾ ಎಂದು ಕರೆದು ಅಳುವ ಹಾಗಿರಲಿಲ್ಲ. ಮೇಸ್ತ್ರಿಯ ಲೆಕ್ಕದಲ್ಲಿ ಜೋಶುವಾ ದಿನಾ ಬೆಳಿಗ್ಗೆ ಸಾಲಿನಲ್ಲಿ ನಿಂತು ಇದ್ದೇನೆ ಎನ್ನುತ್ತಿದ್ದ. ಮೇಸ್ತ್ರಿಯ ಕಿವಿಗೆ ಬಿದ್ದರೆ ಬಿಲ್ಲೆ ಹೋಗುತ್ತದೆ. ಹೆಸರಿಲ್ಲದೆ ಕಳಿಸಿದರೆ ಸತ್ತವನು ದಾರಿ ತಪ್ಪುತ್ತಾನೆ.

"ಅದ್ಕೇ ನನ್ನ ಯೆಸ್ರು ಕೊಟ್ಟೆ. ನಲವತ್ತು ಜನ ಕೂತು ಒಂಬತ್ತು ರಾತ್ರಿ ನನ್ನ ಯೆಸ್ರಿಡ್ಕೊಂಡು ಅತ್ರು. ನಾನೂ ಅವರ ಮಧ್ಯೆ ಕೂತು ಅತ್ತೆ. ಸಂದಾಗಿ ಆಡಿದ್ರು ಕಣ್ ಮಗಾ." ಅವನು ಮೊದಲ ಸಲ ಸಣ್ಣಗೆ ನಕ್ಕ. "ಅವ್ನ ಯೆಸ್ರು ನಂಗೆ ಬಂತು, ನನ್ನ ಯೆಸ್ರು ಅವ್ನಿಗೋಯ್ತು. ಈಗ ನಾನದನ್ನ ಕೂಗಿದ್ರೆ ಅವ್ನು ಬತ್ತಾನೆ. ಬಂದು ತನ್ನದು ಕೇಳ್ತಾನೆ. ನಂದು ನಾನು ಕೊಟ್ಟೇನು. ನಿಂದು? ಗ್ರಾನಮ್ ಅನ್ನೋದು ನಿನ್ನ ಮೈಮ್ಯಾಲೂ ಐತಲ್ಲ."

"ನಂಗೆ ದೆವ್ವದ ಚಿಂತೆ ಇಲ್ಲ ಅಪ್ಪಾ. ಅಂಗಡಿ ಹಲಗೆ ಚಿಂತೆ."

"ಗೊತ್ತು." ಅವನು ಬಿಲ್ಲೆಯನ್ನು ಅಂಗಿಯೊಳಕ್ಕೆ ಬಿಟ್ಟುಕೊಂಡ. "ಅದ್ಕೇ ಗುರುವಾರ ಏಳ್ತೀನಿ. ನಿನ್ನ ಹೊಟ್ಟೆಪಾಡಿಗಿಂತ ದೊಡ್ಡದಲ್ಲ ಅದು."

ಗೋಡೆಯ ಈ ಕಡೆ ನಮಗೆ ಆಮೇಲೆ ಏನೂ ಕೇಳಿಸಲಿಲ್ಲ. ಅವಳು ಬೇಳೆ ಆರಿಸುವ ಸದ್ದು ಮಾತ್ರ.

ಗುರುವಾರ ಸಾಲು ಇನ್ನೂ ಉದ್ದವಿತ್ತು. ದರ್ಜಿ ಕಾರ್ನೇಲಿಯಸ್‌ನನ್ನು ರಾಷ್ಟ್ರಗೀತೆಯ ಎರಡನೆಯ ಸಾಲಿನಲ್ಲಿ ವಾಪಸ್ಸು ಕಳಿಸಿದ್ದರಂತೆ. ಅವನು ಬೆಳಕು ಹರಿಯುವ ಮೊದಲೇ ಬಂದು ಮತ್ತೆ ಯುಫೀಮಿಯಾಳ ಹಿಂದಿನ ಜಾಗ ಹಿಡಿದಿದ್ದ. ಅಪ್ಪ ಇದ್ದ ಒಂದೇ ಕೋಟನ್ನು ಇಸ್ತ್ರಿ ಮಾಡಿಸಿಕೊಂಡು ಹಾಕಿದ್ದ. ಮರದ ಕಾಲು ಕಚೇರಿಯ ಮೆಟ್ಟಿಲ ಮೇಲೆ ಟಕ್ ಟಕ್ ಎಂದಿತು. ಮುದುಕನಿಗೆ ಕುರ್ಚಿ ಕೊಡಿ ಎಂದು ಯುಫೀಮಿಯಾ ಕೇಳಿದಳು. ಕುರ್ಚಿ ಪನಾಮದವರಿಗೆ ಎಂದ ಗುಮಾಸ್ತ.

ದೊನ್ ಎವಾರಿಸ್ತೊ ಕಾಲುವೆ ಆಫೀಸಿನ ಪತ್ರವನ್ನು ಗುಮಾಸ್ತನಿಂದ ಸ್ಪ್ಯಾನಿಷಿನಲ್ಲಿ ಓದಿಸಿದ. ಮತ್ತೊಮ್ಮೆ ಓದಿಸಿದ. ಕರವಸ್ತ್ರವನ್ನು ಮೂಗಿನಿಂದ ತೆಗೆದ.

"ನಿಮ್ಮಪ್ಪ ಸತ್ತದ್ದು 1908. ನೀನು ಹುಟ್ಟಿದ್ದು 1910. ನಿಮ್ಮವ್ವ ಏನು, ಗೋರಿಗೆ ಹೋಗಿ ಮಲಗಿ ಬರ್ತಿದ್ಲಾ?"

ಗುಮಾಸ್ತ ಮೇಜು ತಟ್ಟಿ ನಕ್ಕ. ಸಾಲಿನಲ್ಲಿ ನಿಂತ ಗಂಡಸರು ನೆಲ ನೋಡಿದರು. ಅವ್ವನ ಮಾತು ಬಂದಾಗ ಯುಫೀಮಿಯಾಳ ಕಿವಿಯಲ್ಲಿ ಕಾದ ಎಣ್ಣೆಗೆ ನೀರು ಬಿದ್ದಂತೆ ಸದ್ದಾಯಿತು.

"ಸ್ವಾಮಿ, ಇವ್ನೇ ನಮ್ಮಪ್ಪ. ಕಣ್ಮುಂದೆ ನಿಂತವ್ನೆ."

"ನಿಂತಿರೋದು ಕಾಣ್ತದೆ. ಯಾರು ನಿಂತಿರೋದು ಅಂತ ಕೇಳ್ತಿದೀನಿ." ಅವನು ಮುದುಕನ ಕಡೆ ತಿರುಗಿದ. "ಲೇ ಮುದಿಯ, ಸತ್ತವನ ಬಿಲ್ಲೆ ಕದ್ದು ಬದುಕಿದೀಯ. ಸರಿ. ಈಗಲಾದ್ರೂ ನಿಜ ಬೊಗಳು. ನಿನ್ನ ಹೆಸರೇನು, ಯಾವ ದ್ವೀಪ? ಹೇಳಿದ್ರೆ ಇವಳ ಅರ್ಜಿ ಮೇಲಕ್ಕೆ ಕಳಿಸ್ತೀನಿ. ನಿನ್ನನ್ನ ಮುಂದಿನ ಹಡಗಿಗೆ ಹತ್ತಿಸ್ತೀನಿ. ಹೇಳ್ದಿದ್ರೆ ಇವಳಿಗೆ ಅಪ್ಪ ಇಲ್ಲ, ಊರಿಲ್ಲ, ಚೀಟಿ ಇಲ್ಲ."

"ಅಡಗಿಗೆ ಅತ್ತಿಸ್ತೀರಾ?" ಎಂದ ಮುದುಕ, ಕಿವುಡನಂತೆ.

"ಮತ್ತಿನ್ನೇನು, ಮೆರವಣಿಗೆ ಮಾಡ್ಲಾ?"

"ಅಲ್ಲಿ ಯಾರೂ ಇಲ್ಲ ಸ್ವಾಮಿ ಈಗ."

"ಹೆಸರು."

ಮುದುಕ ಮಗಳನ್ನು ನೋಡಿದ. ಗಂಟಲು ಸರಿ ಮಾಡಿಕೊಂಡ. ದೊನ್ ಎವಾರಿಸ್ತೊ ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ಕಾಗದದ ಮೇಲೆ ಇಟ್ಟ. ಮುದುಕನ ತುಟಿ ತೆರೆಯಿತು. ಒಳಗಿನಿಂದ ಏನೋ ಒಂದು ಅಕ್ಷರ ಹೊರಡಲು ಹವಣಿಸಿತು.

ಯುಫೀಮಿಯಾಳ ಅಂಗೈ ಅವನ ಬಾಯಿಯ ಮೇಲಿತ್ತು. ಯಾವಾಗ ಇಟ್ಟಳೋ ಅವಳಿಗೇ ಗೊತ್ತಿರಲಿಲ್ಲ. ಉಪ್ಪುಮೀನಿನ ವಾಸನೆಯ ಅಂಗೈ.

"ಬ್ಯಾಡ," ಎಂದಳು.

"ಮಗಾ, ಅಂಗಡಿ ಅಲಗೆ..."

"ಅಲಗೆ ಓದ್ರೆ ಓಗ್ಲಿ. ಈ ನನ್ನ ಮಗನ ಪೆನ್ಸಿಲ್ಲಿಗೆ ನಿನ್ನ ಯೆಸ್ರು ಬ್ಯಾಡ. ನಲವತ್ತು ಜನ ಅತ್ತು ಕಳ್ಸಿರೋದು ಅದು."

ದೊನ್ ಎವಾರಿಸ್ತೊ ಎದ್ದು ನಿಂತ. "ಏನಂದೆ? ಯಾರ ಹತ್ರ ಮಾತಾಡ್ತಿದೀಯ, ಸೂಳೆಮುಂಡೆ!"

ಮುದುಕ ಮಗಳ ಕೈಯನ್ನು ಮೆಲ್ಲಗೆ ಬಾಯಿಂದ ಇಳಿಸಿದ. ಅವಳ ಭುಜಕ್ಕೆ ಒರಗಿ ನಿಂತು, ಪ್ಯಾಂಟಿನ ಎಡಗಾಲನ್ನು ಮೇಲಕ್ಕೆ ಮಡಿಸಿದ. ಒಂದು, ಎರಡು, ಮೂರು ಮಡಿಕೆ. ಅವಸರವೇನೂ ಇರಲಿಲ್ಲ. ಚರ್ಮದ ಪಟ್ಟಿಯ ಕೊಂಡಿ ಬಿಚ್ಚಿದ. ಮರದ ಕಾಲನ್ನು ಎರಡೂ ಕೈಯಿಂದ ಎತ್ತಿ, ದೊನ್ ಎವಾರಿಸ್ತೊನ ಮೇಜಿನ ಮೇಲೆ, ಆ ದಿನದ ಅರ್ಜಿಗಳ ಮೇಲೆ ಇಟ್ಟ. ಮೊಣಕಾಲಿನ ಹತ್ತಿರ ಕಾಯಿಸಿದ ಕಬ್ಬಿಣದಿಂದ ಒತ್ತಿದ ನಂಬರ್ ಇತ್ತು.

"ನಂಬರ್ ಐತೆ, ಬರ್ಕೊಳ್ಳಿ," ಎಂದ. "ಇದ್ಕಿಂತ ಮುಂಚೆ ಇದ್ದ ನನ್ನ ಕಾಲು ಕಾಲ್ವೆ ತೋಡಿದ ಕುಲೆಬ್ರಾ ಗುಡ್ಡದಲ್ಲಿ ಐತೆ. ಮೂವತ್ತು ವರ್ಸದಿಂದ ನಿಮ್ಮ ಮಣ್ಣಾಗವ್ನೆ ಅವ್ನು. ಎಲ್ಲಿಯೋನು, ಯಾರ ಮಗ ಅಂತ ಅವ್ನನ್ನೇ ಕೇಳಿ. ನಂಗೆ ಸಾಕಾಗೈತೆ."

ಫ್ಯಾನಿನ ಗಾಳಿಗೆ ಅರ್ಜಿಗಳ ಅಂಚು ಮಾತ್ರ ಅಲುಗುತ್ತಿತ್ತು. ಯುಫೀಮಿಯಾ ಚೀಟಿ ಇದ್ದ ಖಾನೆಯನ್ನು ಒಂದು ಸಲ ನೋಡಿ, ಅಪ್ಪನ ತೋಳಿನ ಕೆಳಗೆ ಹೆಗಲು ಕೊಟ್ಟಳು. ಮುದುಕ ಒಂಟಿ ಕಾಲಿನಲ್ಲಿ ಕುಪ್ಪಳಿಸಿದ. ಇನ್ನೊಂದು ಪಕ್ಕ ವಾಲಿತು. ಬೆಳಗಿನಿಂದ ಮುಂದಿನ ಸರದಿಗೆ ಕಾದುಕೊಂಡಿದ್ದ ದರ್ಜಿ ಕಾರ್ನೇಲಿಯಸ್ ಸಾಲು ಬಿಟ್ಟು ಬಂದು ಆ ಕಡೆ ಹೆಗಲು ಕೊಟ್ಟ.

"ನಿನ್ನ ಜಾಗ ಓಯ್ತದಲ್ಲೋ," ಎಂದ ಮುದುಕ.

"ಓಗ್ಲಿ ಬುಡಣ್ಣೋ. ಎಲ್ಡನೇ ಸಾಲು ಇವತ್ತೂ ಬರ್ತಿರ್ನಿಲ್ಲ."

ಹಿಂದಿನಿಂದ ದೊನ್ ಎವಾರಿಸ್ತೊ ಪೊಲೀಸು ಪೊಲೀಸು ಎಂದು ಕೂಗುತ್ತಿದ್ದದ್ದು ಬೀದಿಯ ತಿರುವಿನ ತನಕ ಕೇಳಿಸಿತು. ಪೊಲೀಸಿನವನು ಮೆಟ್ಟಿಲ ಕೆಳಗೇ ಇದ್ದ. ಒಂಟಿ ಕಾಲಿನ ಮುದುಕನನ್ನು ಹಿಡಿಯಬೇಕೋ ಬಿಡಬೇಕೋ ತಿಳಿಯದೆ ಬೀಡಿಯಂಥ ಸಣ್ಣ ಚುಟ್ಟ ಹಚ್ಚಿಕೊಂಡು ಆ ಕಡೆ ತಿರುಗಿದ.

ಚೀಟಿ ಬರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಸಂತೆಗೆ ಹೋದಾಗ ಹಲಗೆಯೂ ಇರಲಿಲ್ಲ. ಅದರ ಕೆಳಗಿನ ನೆಲ ಮಾತ್ರ ಹನ್ನೆರಡು ವರ್ಷದ ಎಣ್ಣೆಗೆ ಕಪ್ಪಗೆ ಮಿರುಗುತ್ತಿತ್ತು. ಯುಫೀಮಿಯಾ ಅದರ ಮೇಲೆಯೇ ಒಲೆ ಹೂಡಿದಳು. ದೊರಾತೆಯಾ ಅವಳಿಗೆ ಜಾಗವಾಗಲೆಂದು ತನ್ನ ಬೆಂಚನ್ನು ಒಂದು ಮೊಳ ಆಚೆ ಎಳೆದುಕೊಂಡಳು. ಅಪ್ಪ ಮಗುಚಿದ ಪೆಟ್ಟಿಗೆಯ ಮೇಲೆ ಕೂತು, ಪ್ಯಾಂಟಿನ ಖಾಲಿ ಕಾಲನ್ನು ಪಿನ್ನಿನಿಂದ ಮಡಿಸಿಕೊಂಡು ಹಿಟ್ಟು ಕಲೆಸಿದ. ಮೊದಲ ವಡೆ ಎಣ್ಣೆಯಲ್ಲಿ ಉಬ್ಬುವ ಹೊತ್ತಿಗೆ ಇನ್‌ಸ್ಪೆಕ್ಟರನ ಸೀಟಿ ಕೇಳಿಸಿತು. ಆ ದಿನ ಬಾಣಲೆ ಒದ್ದ. ಅದರ ಮರುದಿನ ಒಲೆ ಒಡೆದ. ಅವಳು ಹೋಗುವುದನ್ನು ಬಿಡಲಿಲ್ಲ. ಧೈರ್ಯದಿಂದ ಎಂದು ನಾನು ಹೇಳಲಾರೆ. ಅವಳನ್ನು ಕೇಳಿದರೆ, "ನಾಲ್ಕು ಗಂಟೆಗೆ ಎಚ್ರಾಯ್ತದೆ, ಇನ್ನೆಲ್ಲಿಗೆ ಓಗ್ಲಿ?" ಎನ್ನುತ್ತಿದ್ದಳು.

ಮುಂದಿನ ಮಳೆಗಾಲದಲ್ಲಿ ಮುದುಕ ಹೋದ. ಒಂಬತ್ತನೆಯ ರಾತ್ರಿ ನಾವೆಲ್ಲ ಅವರ ಕೋಣೆಯಲ್ಲಿ, ಜಗಲಿಯಲ್ಲಿ, ಮೆಟ್ಟಿಲ ಮೇಲೆ ಕೂತಿದ್ದೆವು. ಕಾರ್ನೇಲಿಯಸ್ ಹಾಡು ಎತ್ತಿಕೊಟ್ಟ. ದೊರಾತೆಯಾಳೂ ಬಂದಿದ್ದಳು, ಪದ ಬರದಿದ್ದರೂ ತೊಡೆ ತಟ್ಟುತ್ತಿದ್ದಳು. ಹಾಸಿಗೆ ಮಗುಚುವ ಹೊತ್ತಾಯಿತು. ಹೆಸರು ಹಿಡಿದು ಕರೆಯಬೇಕು. ಯಾವ ಹೆಸರು? ಕಾರ್ನೇಲಿಯಸ್ ಹಾಡು ನಿಲ್ಲಿಸಿ ಅವಳನ್ನು ನೋಡಿದ.

ಯುಫೀಮಿಯಾ ಎದ್ದು, ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು, ಬರಿ ಹಾಸಿಗೆಯ ಮೇಲೆ ಬಗ್ಗಿದಳು. ನಾನು ಅವಳ ಪಕ್ಕದಲ್ಲೇ ಇದ್ದೆ. ಅವಳ ತುಟಿ ಎರಡು ಸಲ ಅಲುಗಿದ್ದನ್ನು ಕಂಡೆ.

ಏನೆಂದು ಕರೆದಳೋ ನನಗೆ ಕೇಳಿಸಲಿಲ್ಲ. ಅಪ್ಪ ಯಾವತ್ತಾದರೂ ಅವಳಿಗೆ ಹೇಳಿದ್ದನೋ ಇಲ್ಲವೋ, ಅದೂ ಗೊತ್ತಿಲ್ಲ. ಆ ಮರದ ಕಾಲು ಈಗ ಯಾವ ಕಪಾಟಿನಲ್ಲಿ ಇದೆಯೋ, ಒಲೆಗೆ ಹೋಯಿತೋ ಗೊತ್ತಿಲ್ಲ. ಮೂವತ್ತು ವರ್ಷ ನಮ್ಮ ಗೋಡೆಯ ಆ ಕಡೆ ಕೆಮ್ಮಿದ ಮನುಷ್ಯನ ಹೆಸರು ಏನೆಂದು ನನಗೆ ಗೊತ್ತಿಲ್ಲ.